ಒಂದು ಕುದುರೆ ಸಾಕು

ಸಲಾಕೆಯ ತುದಿಗೆ ಸುತ್ತಿದ ಬಟ್ಟೆ ನಳಿಗೆಯ ಅರ್ಧದವರೆಗೆ ಸಲೀಸಾಗಿ ಹೋಗಿ ಅಲ್ಲಿ ಸಿಕ್ಕಿಕೊಂಡಿತು. ಬೀದಿಯವರೆಲ್ಲ ಕೋವಿ ಅಕ್ಕ ಎಂದು ಕರೆಯುವ ಅವಳು ಬಲ ಹಾಕಲಿಲ್ಲ. ಬಲ ಹಾಕಿದರೆ ಬಟ್ಟೆ ಹರಿದು ಒಳಗೇ ಠಿಕಾಣಿ ಹೂಡುತ್ತದೆ, ಅದನ್ನು ಹೊರಗೆ ತರಲು ಇನ್ನೊಂದು ಮಧ್ಯಾಹ್ನ ಬೇಕು. ಸಲಾಕೆಯನ್ನು ಒಂದು ಸುತ್ತು ತಿರುಗಿಸಿ, ಮಲಗಿದ ಮಗುವಿನ ಕಿವಿಯಿಂದ ಹತ್ತಿ ತೆಗೆಯುವವಳಂತೆ ಮೆಲ್ಲಗೆ ಹಿಂದಕ್ಕೆಳೆದಳು. ಬಟ್ಟೆ ಮಸಿಯಾಗಿ ಬಂತು. ಬೇರೊಂದು ತುಂಡು ಸುತ್ತಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಶುರುಮಾಡಿದಳು.

ಅದು ತೋಟ ಕಾಯುವವನೊಬ್ಬನ ಜೋಡು ನಳಿಗೆಯ ಕೋವಿ. ನಳಿಗೆಗಳು ಅವಳ ತೊಡೆಯ ಮೇಲೆ, ಮರದ ಹಿಡಿ ಮೇಜಿನ ಮೇಲೆ. ಹಿಡಿಯ ಮೇಲ್ಗಡೆ ಎರಡು ಕುದುರೆಗಳು ಕಿವಿ ಮಡಚಿಕೊಂಡು ಕೂತಿದ್ದವು. ಹೆಬ್ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಸೆಟೆದು ನಿಂತು, ಬೆರಳು ಎಳೆದ ಕೂಡಲೇ ಮುಂದಕ್ಕೆ ಹಾರಿ, ಮದ್ದುಗುಂಡು ತುಂಬಿದ ತೋಟಾದ ಬೆನ್ನಿಗೆ ಬಡಿಯುವ ಆ ಕಬ್ಬಿಣದ ತುಂಡಿಗೆ ಕೋವಿಯವರು ಕುದುರೆ ಎನ್ನುತ್ತಾರೆ. ಅವಳ ಅಪ್ಪನಂತೂ ಅವನ್ನು ನಿಜವಾದ ಕುದುರೆಗಳೆಂದೇ ತಿಳಿದವನ ಹಾಗೆ ಮಾತಾಡುತ್ತಿದ್ದ. "ಈ ಕುದುರೆ ಹಟಮಾರಿ ಕಣಮ್ಮ. ಇದಕ್ಕೆ ಹುಲ್ಲು ಜಾಸ್ತಿ ಆಗಿದೆ." ಹುಲ್ಲು ಎಂದರೆ ಎಣ್ಣೆ. ಗಿರಾಕಿ ಬಂದರೆ, "ಏನಪ್ಪಾ, ಒಂದು ಕುದುರೆದಾ, ಎರಡು ಕುದುರೆದಾ?" ಒಂದು ಕುದುರೆ ಅಂದರೆ ಒಂಟಿ ನಳಿಗೆ, ಎರಡು ಕುದುರೆ ಅಂದರೆ ಜೋಡು. ಅಪ್ಪ ಹೋದರೂ ಮಾತು ಉಳಿದಿತ್ತು. ಅಂಗಡಿ ಅಕ್ಕನ ಪಾಲಿಗೆ ಬಂದಿತ್ತು.

ನಳಿಗೆಯನ್ನು ಬೆಳಕಿಗೆತ್ತಿ ಒಂದು ಕಣ್ಣು ಮುಚ್ಚಿದಳು. ಒಳಗೆ ಬೆಳ್ಳಿ ಬಳೆಗಳು ಒಂದರ ಹಿಂದೆ ಒಂದು, ದೂರ ದೂರ ಹೋಗಿ, ಕೊನೆಯಲ್ಲಿ ಬಟಾಣಿ ಗಾತ್ರದ ಬೀದಿ. ಆ ಬಟಾಣಿಯೊಳಗೆ ಒಂದು ಹೊಳೆ ಕಾಣಿಸಿತು. ಬೀದಿಯಲ್ಲಿ ಹೊಳೆಯೆಲ್ಲಿಂದ ಬಂತು ಎಂದು ಕೇಳಿಕೊಳ್ಳುವಷ್ಟರಲ್ಲಿ ಅವಳಾಗಲೇ ಅದರ ದಡದಲ್ಲಿದ್ದಳು.

ಈಚೆಗೆ ಹೀಗೇ ಆಗುತ್ತಿತ್ತು. ಕೆಲಸದ ನಡುವೆ, ಕೂತಲ್ಲೇ, ಎಚ್ಚರ ಮತ್ತು ನಿದ್ದೆಯ ನಡುವಿನ ಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ತಂಗಿಯ ಕಾಗದ ಬಂದಾಗಿನಿಂದ.

ತಂಗಿಗೆ ಅಪ್ಪ ಇಟ್ಟ ಅಡ್ಡಹೆಸರು ಗಾಳಿ. ಕೂತಲ್ಲಿ ಕೂರದವಳು. ಹಾಲು ಕುಡಿಯುವ ವಯಸ್ಸಿನಲ್ಲೇ ತಾಯಿ ತೀರಿಕೊಂಡಾಗ ಅವಳನ್ನು ಸೊಂಟಕ್ಕೆ ಏರಿಸಿಕೊಂಡವಳು ಅಕ್ಕ. ಸಾಕಿದ್ದು, ಬೈದದ್ದು, ತಲೆ ಬಾಚಿದ್ದು, ಬೇಲಿ ಹಾರಿ ಓಡಿದಾಗ ಹಿಂದೆ ಓಡಿದ್ದು ಎಲ್ಲ ಅಕ್ಕನೇ. ಓಡಿಓಡಿ ಗಾಳಿ ಕೊನೆಗೆ ಕೈಹಿಡಿದದ್ದು ಹೊಳೆಗಳ ನೀರು ಅಳೆಯುವ ಒಬ್ಬನನ್ನು. ಅವನಿಗೂ ಕಾಲು ನಿಲ್ಲದು. ಜೋಡಿ ಸರಿಯಾಯಿತು ಎಂದು ಜನ ನಕ್ಕರು.

ಈಗ ಇಬ್ಬರಿಗೂ ತಲೆ ನರೆತ ಮೇಲೆ, ಹೊಳೆ ಹುಟ್ಟುವ ಕಡೆ ಬಂಡೆಗಳ ನಡುವೆ ಒಂದು ಕಲ್ಲುಮನೆಯಲ್ಲಿದ್ದುಕೊಂಡು ನೀರಿನ ಏರಿಳಿತ ಬರೆದಿಡುವ ಕೆಲಸ ಸಿಕ್ಕಿತ್ತು. ಹೊಳೆ ತುಂಬಿದಾಗ ದೋಣಿ ಅವರನ್ನು ಮೇಲಕ್ಕೆ ಬಿಟ್ಟು ಬರುತ್ತದೆ. ಮತ್ತೆ ದೋಣಿ ಬರುವುದು ಮೇಲಧಿಕಾರಿಗಳಿಗೆ ನೆನಪಾದಾಗ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಲ್ಲಿ ಕರಡಿಗಳಿವೆ, ಇವರ ಜೊತೆ ಆಡುಗಳಿರುತ್ತವೆ. ಮಾಂಸ ಬೇಕೆಂದರೂ ತಾವೇ ಹೊಡೆಯಬೇಕು. ಗಾಳಿ ಬರೆದಿದ್ದಳು:

"ಅಕ್ಕಾ, ಅಲ್ಲಿ ಅಂಗಡಿ ಇಲ್ಲ. ನೀನೂ ಇಲ್ಲ. ಕೆಟ್ಟರೆ ಯಾರ ಹತ್ತಿರ ತಗೊಂಡು ಹೋಗಲಿ? ನಾನು ಎಣ್ಣೆ ಹಾಕಲು ಮರೆತರೂ ಮುನಿಸಿಕೊಳ್ಳದ, ಹೇಳದೆ ಕೇಳದೆ ಕೈಕೊಡದ ಕೋವಿ ಯಾವುದು, ಬರೆದು ಕಳಿಸು. ಬಸ್ಸು ಬರುವ ಈ ಕೊನೆಯ ಊರಿನಲ್ಲಿ ದೋಣಿಗೆ ಕಾಯುತ್ತಾ ಇರುತ್ತೇವೆ. ಇಲ್ಲಿ ಕೋವಿ ಅಂಗಡಿ ಇದೆ."

ಅಕ್ಕ ಅಂದೇ ಹಾಳೆ ತೆಗೆದು "ಪ್ರೀತಿಯ ಗಾಳಿಗೆ" ಎಂದು ಬರೆದಳು. ಮುಂದೆ ಕೈ ಓಡಲಿಲ್ಲ. ಯಾವ ಕೋವಿಯ ಹೆಸರು ಬರೆದರೂ ಅದು "ಹೋಗಿ ಬಾ" ಎಂದು ಬರೆದಂತೆಯೇ. ಬರೆಯದಿದ್ದರೆ? ಕೋವಿಯಿಲ್ಲದೆ ಅಂಥ ಕಡೆ ಯಾರು ಹೋಗುತ್ತಾರೆ! ಹಾಳೆಯನ್ನು ಎಣ್ಣೆ ಡಬ್ಬಿಯ ಕೆಳಗಿಟ್ಟಳು. ಹಾಳೆಯ ಮೇಲೆ ಡಬ್ಬಿಯ ಅಡಿ ಒಂದು ಗುಂಡು ಚಂದ್ರನನ್ನು ಬರೆಯಿತು.

ಈಗ ಅವಳು ಆ ಹೊಳೆಯ ದಡದಲ್ಲಿ ನಿಂತಿದ್ದಳು, ಕೈಯಲ್ಲಿ ಜೋಡು ನಳಿಗೆ. ನೀರು ಸದ್ದಿಲ್ಲದೆ ಮೇಲ್ಮುಖವಾಗಿ ಹರಿಯುತ್ತಿತ್ತು. ಕೋವಿಯ ಎರಡೂ ಕುದುರೆಗಳು ಕೆಳಗಿಳಿದು ನಿಜವಾದ ಕುದುರೆಗಳಾಗಿ ದಡದಲ್ಲಿ ಮೇಯತೊಡಗಿದವು. ಒಂದಕ್ಕೆ ಹುಲ್ಲು ಬೇಕು, ಒಂದಕ್ಕೆ ನೀರು ಬೇಕು. ಬಲಗಡೆಯದು ಓಡಿದರೆ ಎಡಗಡೆಯದು ಕುಂಟುತ್ತದೆ. "ಎರಡನ್ನೂ ಒಟ್ಟಿಗೆ ನೋಡ್ಕೊಳ್ಳೋಕೆ ನಿನ್ನಂಥ ಒಬ್ಬಳು ಜೊತೇಲಿರ್ಬೇಕು," ಎಂದು ಅಪ್ಪ ಎಲ್ಲಿಂದಲೋ ಹೇಳಿದ. "ನೀನಲ್ಲಿ ಇರ್ತೀಯಾ?"

"ಅಕ್ಕಾ! ಅಕ್ಕೋ! ಕೋವಿ ಹಿಡ್ಕೊಂಡು ನಿದ್ದೆ ಮಾಡೋರನ್ನ ಎಬ್ಬಿಸೋದು ಹೆಂಗಮ್ಮಾ, ನಂಗೆ ಹೆಂಡತಿ ಇದಾಳೆ!"

ಎದುರಂಗಡಿಯ ಟೈಲರ್ ಬಾಗಿಲ ಕಂಬ ಹಿಡಿದು ನಿಂತಿದ್ದ. ಬೀದಿಗೆಲ್ಲ ಅವನು ಕತ್ತರಿ. ನಾಲಿಗೆಗೂ ಅದೇ ಹೆಸರು ಒಪ್ಪುತ್ತಿತ್ತು. ಬೀದಿಗೆ ಇರುವ ಒಂದೇ ಫೋನು ಅವನ ಅಂಗಡಿಯಲ್ಲಿತ್ತು. ಯಾರ ಸುದ್ದಿ ಬಂದರೂ ಸೀಮೆಸುಣ್ಣದಿಂದ ಬಟ್ಟೆಯ ಚೂರಿನ ಮೇಲೆ ಗೀಚಿಕೊಂಡು ತಲುಪಿಸುವುದು ಅವನ ರೂಢಿ.

"ಇದು ಬರೀ ನಳಿಗೆ ಕಣಪ್ಪಾ, ಊದಿದ್ರೆ ಸದ್ದೂ ಬರಲ್ಲ. ಏನು ಹೇಳು."

"ನಿಮ್ ತಂಗಿ ಫೋನು. ಲೈನು ಹುರುಳಿ ಹುರಿದಂಗೆ ಚಟಪಟ ಅಂತಿತ್ತು. ನಿಮ್ಮನ್ನ ಕರೆಯೋಷ್ಟ್ರಲ್ಲಿ ಕಟ್ಟಾಯ್ತು." ಕೈಯಲ್ಲಿದ್ದ ನೀಲಿ ಬಟ್ಟೆಯ ಚೂರನ್ನು ಬಿಡಿಸಿ ಓದಿದ: "ಒಂದು ಕುದುರೆ ಸಾಕು. ಅಷ್ಟೇ ಕೇಳಿಸಿದ್ದು. ಅಕ್ಕನ್ನ ಕೇಳಿ ಅಂತನೂ ಅಂದ್ರು. ಕುದುರೆ ಸಾಕ್ತಾರಂತೆ ಅಕ್ಕಾ. ನಿಮ್ಮ ಒಪ್ಪಿಗೆ ಬೇಕೋ ಏನೋ."

"ಕುದುರೆ ಸಾಕ್ತಾಳಾ?"

"ಆಡು ಬಿಟ್ಟು ಕುದುರೆಗೆ ಬಿದ್ರು ನೋಡಿ. ಬಡ್ತಿ!"

ಅಕ್ಕ ನಳಿಗೆಯನ್ನು ಕೆಳಗಿಟ್ಟಳು. ಎದೆಯ ಮೇಲಿಂದ ಬಂಡೆ ಉರುಳಿಬಿದ್ದಂತಾಯಿತು. ಕುದುರೆ ಸಾಕುವುದಕ್ಕೆ ಬಯಲು ಬೇಕು, ಲಾಯ ಬೇಕು, ಲಾಳ ಕಟ್ಟುವವನು ಬೇಕು. ಬಂಡೆಗಳ ನಡುವೆ, ಅದೂ ದೋಣಿಯಲ್ಲಿ, ಯಾರು ಕುದುರೆ ಒಯ್ಯುತ್ತಾರೆ? ಅಂದರೆ ಗಾಳಿ ಮನಸ್ಸು ಬದಲಿಸಿದ್ದಾಳೆ. ಕೊನೆಯ ಊರಿನಲ್ಲೇ ಬೇರೂರುತ್ತಾಳೆ. ಅಲ್ಲಿಗೆ ಬಸ್ಸಿದೆ, ಅಂಚೆಯಿದೆ, ಬೇಕೆನಿಸಿದರೆ ಹೋಗಿ ಬರಬಹುದು.

ಮುಂದೆಯೇ ಎರಡು ಕುದುರೆಗಳನ್ನು ಇಟ್ಟುಕೊಂಡು ಕೂತವಳಿಗೆ, ಆ ಅಪ್ಪನ ಮಗಳಿಗೆ, ಮಾತಿನ ಅರ್ಥ ಹೊಳೆಯಲಿಲ್ಲವೆಂದರೆ ಯಾರು ನಂಬುತ್ತಾರೆ? ಆದರೆ ಬೇಡದ್ದನ್ನು ಹೊಳೆಯಗೊಡದೆ ಇರುವುದನ್ನು ಮನಸ್ಸಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಅವಳು ಟೈಲರಿಗೆ ಚಹಾ ಕೊಟ್ಟಳು. ಎಂದೂ ಇಲ್ಲದ ಹಾಗೆ ಎರಡು ಚಮಚ ಸಕ್ಕರೆ ಹಾಕಿದಳು.

"ಸಾಕಲಿ ಬಿಡು," ಎಂದಳು. "ಒಂದಲ್ಲದಿದ್ರೆ ಹತ್ತು ಸಾಕಲಿ."

ಎಣ್ಣೆ ಡಬ್ಬಿ ಹಾಳೆಯ ಮೇಲೆಯೇ ಉಳಿಯಿತು.

ಬರೆಯುವ ಗೋಜು ತಪ್ಪಿತೆಂದು ಹಗಲು ಹಗುರಾಯಿತು, ಆದರೆ ಆ ಬಾಗಿಲು ಮುಚ್ಚಲಿಲ್ಲ. ಊಟವಾದ ಮೇಲೆ ಮೇಜಿಗೆ ತಲೆ ಆನಿಸಿದರೆ ಸಾಕು, ಹೊಳೆ ಬರುತ್ತಿತ್ತು. ಪ್ರತಿ ಸಲವೂ ಕೈಯಲ್ಲಿ ಬೇರೆ ಕೋವಿ. ಅಂಗಡಿಯ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದ ಕೋವಿಗಳು ಸರದಿಯ ಮೇಲೆ ಬಂದು ತಮ್ಮನ್ನು ಪರೀಕ್ಷಿಸಿಕೊಳ್ಳುತ್ತಿದ್ದವೋ ಏನೋ.

ಒಮ್ಮೆ ತಾನೇ ತುಂಬಿಕೊಂಡು ತಾನೇ ಖಾಲಿ ತೋಟಾ ಉಗುಳುವ ಕೋವಿ ಬಂತು. ಚೆಂದದ ಕೋವಿ, ಮದುವಣಿಗನ ಹಾಗೆ ಮಿಂಚುತ್ತಿತ್ತು. ಢಂ ಢಂ ಢಂ ಎಂದಿತು. ಆಮೇಲೆ ಒಂದು ಹಿಡಿ ಮರಳು ಒಳಗೆ ಹೋಯಿತು. ಬಿಚ್ಚಿದಳು. ಒಳಗಿಂದ ಸ್ಪ್ರಿಂಗುಗಳು, ತಿರುಪುಗಳು, ಹೆಸರೇ ಇಲ್ಲದ ಸಣ್ಣ ಸಣ್ಣ ತುಂಡುಗಳು ಮೀನುಮರಿಗಳಂತೆ ಚಿಮ್ಮಿ ಹೊಳೆಗೆ ಹಾರಿದವು. ಅವಳು ಮಂಡಿಯುದ್ದದ ನೀರಿನಲ್ಲಿ ನಿಂತು ಬೊಗಸೆಯಲ್ಲಿ ಹಿಡಿಯುತ್ತಿದ್ದಳು, ಅವು ಬೆರಳ ಸಂದಿಯಿಂದ ಜಾರುತ್ತಿದ್ದವು. ದಡದಲ್ಲಿ ಆಡುಗಳು ಕೂಗುತ್ತಿದ್ದವು.

ಇನ್ನೊಮ್ಮೆ ಅಪ್ಪನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡು ಇಳಿಸಿ, ಸಲಾಕೆಯಿಂದ ಜಡಿಯುವಂಥದ್ದು. ಸೀಸ ತಾನೇ ಕಾಯಿಸಿಕೊಳ್ಳಬಹುದು, ಯಾರ ಹಂಗೂ ಇಲ್ಲ ಅನ್ನಿಸಿತು. ಆದರೆ ಒಂದು ಈಡು ಹೊಡೆದೊಡನೆ ಕೋವಿ ಬೆಚ್ಚಗಿನ ಒಂದು ಹಸುಗೂಸಾಗಿ ಅವಳ ಮಡಿಲಲ್ಲಿ ಅಳತೊಡಗಿತು. ಆ ಕರಿಮದ್ದಿನ ಗುಣವೇ ಅಂಥದ್ದು. ಹೊಡೆದಾಗಲೆಲ್ಲ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ತುಕ್ಕು. ಗಾಳಿ ತನ್ನ ತಲೆಯನ್ನೇ ಬಾಚಿಕೊಳ್ಳದವಳು, ಕೋವಿಗೆ ಸ್ನಾನ ಮಾಡಿಸುತ್ತಾಳೆಯೇ?

ಮತ್ತೊಮ್ಮೆ ಕಿರುಬೆರಳಿಗಿಂತ ಸಣ್ಣ ತೋಟಾದ, ಹಕ್ಕಿ ಮೊಲಗಳಿಗೆ ಹೇಳಿ ಮಾಡಿಸಿದ ಕೋವಿ. ಒಂದು ಜೇಬಿನಲ್ಲಿ ವರ್ಷಕ್ಕಾಗುವಷ್ಟು ತೋಟಾ. ಅವಳು ಖುಷಿಯಿಂದ ನಡೆಯುತ್ತಿದ್ದಾಗ ಬಂಡೆಯ ಮರೆಯಿಂದ ಕರಡಿ ಬಂದು ಎದುರಿಗೇ ಕೂತಿತು. "ಅದ್ರಲ್ಲಿ ನನಗೆ ಹೊಡಿತೀಯಾ?" ಎಂದು ಕರಡಿ ಟೈಲರನ ದನಿಯಲ್ಲಿ ಕೇಳಿತು. "ಕಚಗುಳಿ ಇಡ್ತೀಯಾ?"

ಎಚ್ಚರವಾದಾಗಲೆಲ್ಲ ಅವಳು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು. ಗಾಳಿ ಹೋಗುವುದೇ ಇಲ್ಲವಲ್ಲ, ನನಗೇಕೆ ಈ ಪರೀಕ್ಷೆ?

ಒಂದು ಮಧ್ಯಾಹ್ನ ಟೈಲರ್ ಬೀದಿಯ ಆ ಕಡೆಯಿಂದಲೇ ಕೂಗಿದ. ಈ ಸಲ ಬಟ್ಟೆಯ ಚೂರಿಲ್ಲ, ಬರೀ ಕೈ ಬೀಸುವುದು. "ಲೈನಲ್ಲಿದಾರೆ! ಓಡಿ ಬನ್ನಿ, ಬೈತಿದಾರೆ, ನನ್ನನ್ನ ಬೈತಿದಾರೋ ನಿಮ್ಮನ್ನೋ ತಿಳೀತಿಲ್ಲ!"

ಅಕ್ಕ ಎಣ್ಣೆಗೈಯಲ್ಲೇ ಓಡಿದಳು. ಅರ್ಧ ಹೊಲಿದ ಕೋಟುಗಳ ನಡುವೆ ಫೋನು ಮಲಗಿತ್ತು.

"ಗಾಳೀ? ಹೆಂಗಿದೀಯೇ? ಕುದುರೆ ಹೆಂಗಿದೆ?"

"ಯಾವ ಕುದುರೆ?"

"ನೀನು ಸಾಕ್ತಿರೋದು!"

ಆ ಕಡೆ ಚಟಪಟ. ಆಮೇಲೆ, "ಅಕ್ಕಾ, ನಿಂಗೇನು ತಲೆ ಕೆಟ್ಟಿದ್ಯಾ? ಬಂಡೆ ಮೇಲೆ ಕುದುರೆ ಕಟ್ಕೊಂಡು ನಾನೇನು ಮೆರವಣಿಗೆ ಹೋಗ್ಲಾ? ಒಂದು ಕುದುರೆ ಸಾಕಾ, ಎರಡು ಕುದುರೆ ಬೇಕಾ ಅಂತ ಕೇಳಿದ್ದು! ಅಪ್ಪನ ಮಾತೂ ಮರೆತುಹೋಯ್ತಾ ನಿಂಗೆ?"

ಅಕ್ಕ ಹತ್ತಿರವಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಟೈಲರ್ ಮೊದಲು ಅವಳ ಮುಖ ನೋಡಿದ, ಆಮೇಲೆ ತನ್ನ ಸೀಮೆಸುಣ್ಣವನ್ನು ನೋಡಿದ, ಮೆಲ್ಲಗೆ ಅದನ್ನು ಜೇಬಿಗೆ ಸೇರಿಸಿದ.

"ಮರೆತಿಲ್ವೇ," ಎಂದಳು ಅಕ್ಕ. "ಮರೆತಂಗೆ ಇದ್ದೆ."

"ಏನಂದೆ? ಕೇಳಿಸ್ತಿಲ್ಲ! ನೋಡು, ಹೊಳೆ ಏರ್ತಾ ಇದೆ. ಹುಣ್ಣಿಮೆ ಕಳೀತಿದ್ದಂಗೆ ದೋಣಿ ಹೊರಡುತ್ತಂತೆ. ಇಲ್ಲಿ ಅಂಗಡಿಯವನು ಇವ್ರ ತಲೆ ಸವರಿ ಸವರಿ ತಾನೇ ತುಂಬ್ಕೊಳ್ಳೋ ಕೋವಿ ಒಪ್ಪಿಸ್ತಿದಾನೆ. ಇವ್ರು ಅದ್ರ ಹೊಳಪು ನೋಡಿ ಬೆರಗಾಗಿದಾರೆ. ನೀನು ಬರೆದ್ರೆ ಸರಿ, ಇಲ್ದಿದ್ರೆ ಅದನ್ನೇ ತಗೊಂಡು ಹೋಗೋದು."

"ಹೋಗ್ಲೇಬೇಕಾ?"

"ಅಕ್ಕಾ, ಹೋಗೋದು ಹೋಗೋದೇ. ಯಾವ್ದು ಹಿಡ್ಕೊಂಡು ಹೋಗ್ಲಿ ಅಂತ ಕೇಳ್ತಿದೀನಿ."

ಬೊಗಸೆಯಿಂದ ಜಾರಿದ ಮೀನುಮರಿಗಳು ಅಕ್ಕನ ಕಣ್ಣ ಮುಂದೆ ಚಿಮ್ಮಿದವು. ದಡದ ಆಡುಗಳು ಕೂಗಿದವು. ಇಷ್ಟು ದಿನ ಅವಳು ಕಾಗದ ತಡೆದರೆ ತಂಗಿಯನ್ನು ತಡೆದಂತೆ ಎಂದುಕೊಂಡಿದ್ದಳು. ತಡೆದದ್ದು ತಂಗಿಯನ್ನಲ್ಲ, ಒಳ್ಳೆಯ ಕೋವಿಯನ್ನು.

"ಈಗ್ಲೇ ಹೇಳ್ತೀನಿ, ಕೇಳು."

"ಬಾಯಲ್ಲಿ ಹೇಳ್ಬೇಡ! ಇವ್ರಿಗೆ ಬಾಯಿಮಾತು ಅಂದ್ರೆ ನೀರ ಮೇಲೆ ಬರೆದಂಗೆ. ಮತ್ತೆ ಅಲ್ಲಿ ಕೆಟ್ರೆ ನಾನು ಯಾರನ್ನ ಕೇಳ್ಲಿ? ಕಾಗದದಲ್ಲಿ ಬರಿ. ಗೋಡೆಗೆ ಅಂಟಿಸ್ಕೊಳ್ತೀನಿ. ನೀನು ಅಲ್ಲಿ ಇದ್ದಂಗೆ..."

ಲೈನು ಕಟ್ಟಾಯಿತು.

ಟೈಲರ್ ಕೆಮ್ಮಿದ. "ಅಕ್ಕಾ, ನಂಗೆ ಸಾಕಾ ಅನ್ನೋದು ಸಾಕು ಅಂತ ಕೇಳಿಸ್ತು. ದೀರ್ಘ ಎಲ್ಲೋ ಲೈನಲ್ಲೇ ಉದುರೋಯ್ತು."

"ನೀನು ತಪ್ಪು ಕೇಳಿಸ್ಕೊಂಡಿದ್ದು ಕಿವೀಲಿ ಕಣಪ್ಪಾ. ನಾನು ಹೊಟ್ಟೇಲಿ."

ಅಂಗಡಿಗೆ ಬಂದು ಎಣ್ಣೆ ಡಬ್ಬಿ ಎತ್ತಿದಳು. ಹಾಳೆಯ ಮೇಲಿನ ಎಣ್ಣೆಯ ಚಂದ್ರ ಈಗ ತುಂಬಿ ದೊಡ್ಡದಾಗಿದ್ದ. ಪೆನ್ನು ಹಿಡಿದಳು. ಕಿಟಕಿಯಿಂದ ಬಂದ ಬಿಸಿಲು ಮೇಜಿನ ಮೇಲೆ ನೀರಿನ ಹಾಗೆ ಅಲುಗಿತು. ಬಾಗಿಲು ಮತ್ತೆ ತೆರೆಯಿತು, ಈ ಸಲ ಅವಳು ತಾನಾಗಿಯೇ ಒಳಗೆ ಕಾಲಿಟ್ಟಳು.

ಹೊಳೆಯ ದಡದಲ್ಲಿ ಅಪ್ಪ ಕೂತಿದ್ದ, ತೊಡೆಯ ಮೇಲೆ ಒಂಟಿ ನಳಿಗೆ. ಅಲಂಕಾರವಿಲ್ಲ, ಹೊಳಪಿಲ್ಲ. ಬಾಗಿಲಿನ ಹಾಗೆ ಮಧ್ಯದಲ್ಲಿ ಮಡಚಿ ತೆರೆದ. ಒಳಗಿದ್ದದ್ದು ಬೆರಳೆಣಿಕೆಯಷ್ಟು ತುಂಡುಗಳು, ಎಲ್ಲವೂ ಮುಖಪರಿಚಯದವು. ನಳಿಗೆಯ ಮೂಲಕ ಆಚೆ ದಡ ಕಾಣುತ್ತಿತ್ತು. ಮುಚ್ಚಿದ. ಒಂದೇ ಒಂದು ಕುದುರೆ, ಕೋವಿಯ ಮೇಲೆಯೇ, ಕಣ್ಣಿಗೆ ಕಾಣುವಂತೆ.

"ಮಲಗಿದ್ರೆ ಮಲಗಿದೆ, ಎದ್ದಿದ್ರೆ ಎದ್ದಿದೆ," ಎಂದ ಅಪ್ಪ. "ಕತ್ತಲಲ್ಲಿ ಹೆಬ್ಬೆರಳು ಸವರಿದ್ರೂ ಗೊತ್ತಾಗುತ್ತೆ. ಇದ್ರ ಹೊಟ್ಟೇಲಿ ಗುಟ್ಟಿಲ್ಲ ಕಣಮ್ಮ."

"ಒಂದೇ ಈಡು, ಅಪ್ಪಾ. ತಪ್ಪಿದ್ರೆ?"

ಅಪ್ಪ ಎದ್ದ. ಕೋವಿಯನ್ನು ಗಾಳಿಯ ಕೈಗೆ ಕೊಟ್ಟ. ಗಾಳಿ ಅಲ್ಲೇ ನಿಂತಿದ್ದಳು, ಒಮ್ಮೆ ಸೊಂಟದ ಮೇಲಿನ ಕೂಸು, ಒಮ್ಮೆ ನರೆಗೂದಲಿನವಳು. ಅವಳು ಕೋವಿ ಎತ್ತಿ ಬಂಡೆಯ ಕಡೆ ಹಿಡಿದಳು. ಹಿಡಿದೇ ಇದ್ದಳು. ಹೊಡೆಯಲಿಲ್ಲ, ಅವಸರ ಮಾಡಲಿಲ್ಲ. ಹುಟ್ಟಿದಾಗಿನಿಂದ ಅವಳು ಇಷ್ಟು ಅಲುಗಾಡದೆ ನಿಂತದ್ದನ್ನು ಅಕ್ಕ ನೋಡಿರಲೇ ಇಲ್ಲ. ಕುದುರೆ ತಲೆಯೆತ್ತಿ ಕಾದಿತ್ತು. ಹೊಳೆ ನಿಂತಿತ್ತು.

ಎಚ್ಚರವಾದಾಗ ಪೆನ್ನು ಕೈಯಲ್ಲೇ ಇತ್ತು. ಈಗ ಮಾತು ತಡೆಯಿಲ್ಲದೆ ಬಂತು.

"ಪ್ರೀತಿಯ ಗಾಳಿಗೆ,

ಒಂದು ಕುದುರೆ ಸಾಕು. ಒಂಟಿ ನಳಿಗೆಯದು, ಕುದುರೆ ಹೊರಗೆ ಕಾಣುವಂಥದ್ದು. ನಿನ್ನ ಗಂಡನಿಗೆ ಹೇಳು, ಹೊಳಪು ಕಾಡಿನಲ್ಲಿ ಯಾರಿಗೂ ಬೇಡ, ಕರಡಿಗಂತೂ ಬೇಡವೇ ಬೇಡ. ತಾನೇ ತುಂಬಿಕೊಳ್ಳುವುದು ಕೆಟ್ಟ ಕೋವಿಯಲ್ಲ, ಆದರೆ ಅದಕ್ಕೆ ಪಕ್ಕದ ಬೀದಿಯಲ್ಲಿ ನನ್ನಂಥವಳೊಬ್ಬಳು ಬೇಕು. ಒಂಟಿ ನಳಿಗೆಗೆ ನೀನೇ ಸಾಕು. ಸಣ್ಣ ಚರೆಯ ತೋಟಾ ಹಾಕಿದರೆ ಹಕ್ಕಿಗೆ, ದೊಡ್ಡ ಗುಂಡಿನದು ಹಾಕಿದರೆ ದೊಡ್ಡ ಪ್ರಾಣಿಗೆ, ಎರಡಕ್ಕೂ ಅದೇ ನಳಿಗೆ. ಕಾಗದದ ತೋಟಾ ಬೇಡ, ಶೀತಕ್ಕೆ ಉಬ್ಬಿ ಒಳಗೇ ಕೂರುತ್ತದೆ. ಹಿತ್ತಾಳೆಯದು ಕೇಳು. ಡಬ್ಬಿಯ ಬಾಯಿಗೆ ಮೇಣ ಹಾಕಿ ಇಡು.

ಕೆಡುವುದಿದ್ದರೆ ಕೆಡುವುದು ಎರಡೇ, ಕುದುರೆಯ ಸ್ಪ್ರಿಂಗು ಮತ್ತು ತೋಟಾಕ್ಕೆ ಚುಚ್ಚುವ ಸೂಜಿ. ಕೋವಿ ಕೊಳ್ಳುವಾಗಲೇ ಅವೆರಡನ್ನೂ ಹೆಚ್ಚಿಗೆ ತೆಗೆದುಕೊಂಡು, ಅಂಗಡಿಯವನ ಎದುರಿಗೇ ನೀನೇ ಬಿಚ್ಚಿ ಹಾಕಿ ನೋಡು. ಅವನು ನಗುತ್ತಾನೆ, ನಗಲಿ. ಚಿಕ್ಕವಳಾಗಿ ಅಪ್ಪನ ಮೇಜಿನ ಕೆಳಗೆ ಕೂತು ನೀನು ಕೋವಿ ಬಿಚ್ಚುತ್ತಿದ್ದೆ, ಜೋಡಿಸುವ ಹೊತ್ತಿಗೆ ಓಡುತ್ತಿದ್ದೆ. ಈ ಸಲ ಜೋಡಿಸುವವರೆಗೂ ಕೂತಿರು.

ಎಣ್ಣೆ ಮರೆತರೆ ಅದು ಮುನಿಸಿಕೊಳ್ಳುವುದಿಲ್ಲ, ಆದರೆ ಮಳೆಯಲ್ಲಿ ನೆನೆದ ದಿನ ಮರೆಯಬೇಡ. ಜಾಸ್ತಿ ಹುಲ್ಲೂ ಹಾಕಬೇಡ, ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಕುದುರೆ ಏಳುವುದಿಲ್ಲ. ಬಾಗಿಲು ದಾಟಿ ಒಳಗೆ ಬರುವ ಮೊದಲು ಮಡಚಿ ತೋಟಾ ತೆಗೆ, ಪ್ರತಿ ಸಲ.

ಇರುವುದು ಒಂದೇ ಈಡು. ತಪ್ಪಿದರೆ ಇನ್ನೊಂದು ತುಂಬುವಷ್ಟು ಹೊತ್ತು ಸಿಗುವ ದೂರದಲ್ಲಿ ನಿಲ್ಲು. ಆ ದೂರವಿಲ್ಲದಿದ್ದರೆ ಹೊಡೆಯಬೇಡ, ಆಡು ಹೋದರೆ ಹೋಗಲಿ, ಒಳಗೆ ಬಂದು ಬಾಗಿಲು ಹಾಕಿಕೋ. ಆಡು ಮತ್ತೆ ಸಿಗುತ್ತದೆ.

ನಾನು ತಡಮಾಡಿದೆ. ಬೇಕೆಂದೇ ಮಾಡಿದೆ. ಹೋಗಿ ಬಾ.

ನಿನ್ನನ್ನು ಸಾಕಿದ,
ಅಕ್ಕ"

'ಸಾಕಿದ' ಎಂದು ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಎಷ್ಟು ಸಲ ಆ ಹುಡುಗಿಯ ಹಿಂದೆ ಓಡುತ್ತಾ "ಸಾಕು, ಸಾಕು, ನಿಲ್ಲು" ಎಂದಿದ್ದಳೋ. ಸಾಕುವುದು ಎಲ್ಲಿ ಮುಗಿದು ಸಾಕೆನ್ನುವುದು ಎಲ್ಲಿ ಶುರುವಾಗುತ್ತದೆಂದು ಯಾವ ಟೈಲರಿಗೂ ಕೇಳಿಸುವಂತಿಲ್ಲ. ಅವಳು ಮಡಚುವಾಗ ಎಣ್ಣೆಯ ಚಂದ್ರ ಸರಿಯಾಗಿ ಅರ್ಧವಾದ.

ಬೀದಿಗಿಳಿದಾಗ ಟೈಲರ್ ಅಡ್ಡ ಬಂದ. ಕೈಯಲ್ಲಿ ಬಿಳಿ ಹತ್ತಿಬಟ್ಟೆಯ ಚೌಕಗಳು, ಅಂಚು ಮಡಚಿ ಹೊಲಿದವು, ಒಂದರ ಮೇಲೊಂದು ನೀಟಾಗಿ.

"ನಳಿಗೆ ಒರೆಸೋಕೆ. ಲಕೋಟೆಗೆ ಹಾಕಿ. ನನ್ನ ಕಡೆಯಿಂದ ತಪ್ಪುಕಾಣಿಕೆ."

"ಒರೆಸೋ ಬಟ್ಟೆಗೆ ಅಂಚು ಹೊಲೀತಾರೇನಪ್ಪಾ? ದಪ್ಪಗಾಗಿ ನಳಿಗೇಲಿ ಸಿಕ್ಕಾಕೊಳ್ಳುತ್ತೆ."

"ಅಯ್ಯೋ! ಬಿಚ್ತೀನಿ, ತಾಳಿ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಹಲ್ಲಿನಿಂದ ದಾರ ಕಚ್ಚಿ ಕಚ್ಚಿ ಬಿಚ್ಚಿದ. ಅವಳು ಪಕ್ಕದಲ್ಲಿ ನಿಂತು ಕಾದಳು. ಬಟ್ಟೆಗಳು ಸೇರಿ ಲಕೋಟೆ ಚಿಕ್ಕ ದಿಂಬಿನ ಹಾಗಾಯಿತು. ತಿರುವಿನಲ್ಲಿದ್ದ ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಅದು ಸಲೀಸಾಗಿ ಇಳಿಯದೆ ಅರ್ಧದಲ್ಲಿ ಸಿಕ್ಕಿಕೊಂಡಿತು. ಒಳಗೆ ನಳಿಗೆಯೊಳಗಿನಂಥ ಕತ್ತಲು, ಆ ಕತ್ತಲಿನ ತುದಿಯಲ್ಲಿ ನೀರಿನ ಸದ್ದು ಕೇಳಿಸಿದಂತಾಯಿತು.

ಅಕ್ಕ ಬಲ ಹಾಕಲಿಲ್ಲ. ಲಕೋಟೆಯನ್ನು ಸ್ವಲ್ಪ ತಿರುಗಿಸಿ, ಬೆರಳ ತುದಿಯಿಂದ ಮೆಲ್ಲಗೆ ಒಳಕ್ಕೆ ಬಿಟ್ಟಳು. ಅದು ಇಳಿದು ಹೋಯಿತು.